ಕೊಂಡಿ ಹಾಕುವವರು

ಶಿಷ್ಯ ಕೇಳಿದ: "ಗುರುಗಳೇ, ವೈದ್ಯನಾದ ನನಗೆ ಈಗ ನಾಡಿನ ಕ್ಯಾನ್ಸರ್ ಆಸ್ಪತ್ರೆಗಳ ಉಸ್ತುವಾರಿಯನ್ನು ವಹಿಸಿದ್ದಾರೆ. ಒಳ್ಳೆಯ ವೈದ್ಯರಿದ್ದಾರೆ, ಯಂತ್ರಗಳಿವೆ. ಆದರೂ ಜನ ಕೈಮೀರಿದ ಮೇಲೆಯೇ ಚಿಕಿತ್ಸೆಗೆ ಬರುತ್ತಾರೆ. ಹೋದ ತಿಂಗಳು ಒಬ್ಬ ಹೆಂಗಸಿನ ಎದೆಯ ಗಡ್ಡೆಯನ್ನು ನಾನೇ ಮುಟ್ಟಿ ನೋಡಿ, ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟೆ. ಆದರೆ ನಾನು ಎಷ್ಟು ಜನರನ್ನು ನೋಡಲಿ? ಇನ್ನೆಷ್ಟು ಆಸ್ಪತ್ರೆ ಕಟ್ಟಿಸಬೇಕು?"

ಗುರುಗಳು ನಕ್ಕರು. ಕಟ್ಟಿಸುವ ಚಪಲ ನಿನಗೊಬ್ಬನಿಗೇ ಅಲ್ಲ ಎಂದು ಈ ಕತೆ ಹೇಳಿದರು.

ಒಬ್ಬ ಅರಸನಿದ್ದ. ಅವನ ರಾಜ್ಯದಲ್ಲಿ ಗಡ್ಡೆಯ ರೋಗಕ್ಕೆಂದೇ ಎರಡು ವೈದ್ಯಶಾಲೆಗಳಿದ್ದವು. ಮೂಡಣ ಊರಿನ ವೈದ್ಯ ಗಡ್ಡೆಯನ್ನು ಮುಟ್ಟಿ ಅದು ಎಂಥದೆಂದು ಹೇಳುತ್ತಿದ್ದ. ಪಡುವಣ ಊರಿನ ವೈದ್ಯ ಅದನ್ನು ಕೊಯ್ದು ತೆಗೆಯುತ್ತಿದ್ದ. ಇಬ್ಬರೂ ಗಟ್ಟಿಗರು. ತಮ್ಮ ಬಾಗಿಲಲ್ಲಿ ಯಾರೂ ಮೂರು ದಿನಕ್ಕಿಂತ ಹೆಚ್ಚು ಕಾಯುವುದಿಲ್ಲ ಎಂದು ಇಬ್ಬರಿಗೂ ಹೆಮ್ಮೆ. ಅದು ಸುಳ್ಳೂ ಅಲ್ಲ. ರೋಗಿ ಹೊಸ್ತಿಲು ದಾಟಿ ಒಳಬಂದ ದಿನದಿಂದ ಅವರು ಎಣಿಸುತ್ತಿದ್ದರು. ಹೊರಗೆ ಹೋದ ಕೂಡಲೇ ಎಣಿಕೆ ಬಿಡುತ್ತಿದ್ದರು.

ಆದರೂ ಜನ ಸಾಯುತ್ತಿದ್ದರು. ಅರಸ ಮೂರನೆಯ ವೈದ್ಯಶಾಲೆಗೆ ಕಲ್ಲು ತರಿಸಿದ.

ಅಡಿಗಲ್ಲು ಹಾಕುವ ದಿನ ಸೀರೆ ನೇಯುವ ಒಬ್ಬ ಹೆಂಗಸು ಬಂದು ಅರಸನ ಮುಂದೆ ನಿಂತಳು. ಎದೆಯಲ್ಲಿ ಗಡ್ಡೆ ಕೈಗೆ ಸಿಕ್ಕ ದಿನದಿಂದ ಅವಳು ಒಂದು ನೂಲಿಗೆ ದಿನಕ್ಕೊಂದು ಗಂಟು ಹಾಕುತ್ತ ಬಂದಿದ್ದಳು. ತೊಂಬತ್ತು ಗಂಟುಗಳಾಗಿದ್ದವು. ಗಡ್ಡೆಯನ್ನು ಇನ್ನೂ ಯಾರೂ ತೆಗೆದಿರಲಿಲ್ಲ. ತನಗೆ ಬದುಕಬೇಕೆಂದಿದೆ ಎಂದು ಅವಳು ಅಂಜದೆ ಹೇಳಿದಳು.

ಅರಸ ವೈದ್ಯರಿಬ್ಬರನ್ನೂ ಕರೆಸಿ, ಈ ನೂಲಿನಲ್ಲಿ ನಿಮ್ಮ ನಿಮ್ಮ ದಿನಗಳನ್ನು ತೋರಿಸಿ ಎಂದ. ಮೂಡಣದವನು ಮೂರು ಗಂಟು ತೋರಿಸಿದ. ಪಡುವಣದವನು ಎರಡು ತೋರಿಸಿದ. ಬಾಯಿಮಾತನ್ನು ನಂಬಿ ಕತ್ತಿ ಹಿಡಿಯುವ ವಾಡಿಕೆ ತನಗಿಲ್ಲ, ಮೂಡಣದ ವೈದ್ಯನಿಂದ ಓಲೆ ಬರೆಸಿಕೊಂಡು ಬಾ ಎಂದು ಅವಳನ್ನು ತಿರುಗಿ ಕಳಿಸಿದ್ದಾಗಿ ಹೇಳಿದ. ಓಲೆ ಬರೆಯುವ ವಾಡಿಕೆ ತನಗಿಲ್ಲ ಎಂದು ಮೂಡಣದವನು ಹೇಳಿದ. ಉಳಿದ ಎಂಬತ್ತೈದು ಗಂಟುಗಳನ್ನು ಯಾರೂ ತಮ್ಮವೆನ್ನಲಿಲ್ಲ. ಅವು ಬಂಡಿಗೆ ಕಾದು, ಯಾರನ್ನು ಕೇಳಬೇಕೆಂದು ತಿಳಿಯದೆ, ಎರಡು ಊರುಗಳ ನಡುವೆ ಅವಳು ಕಳೆದ ದಿನಗಳು.

ಹಾಗಾದರೆ ತಪ್ಪು ಯಾರದು ಎಂದು ಅರಸ ಅವಳನ್ನೇ ಕೇಳಿದ.

"ನಾವು ಮಗ್ಗಕ್ಕ ಸೆರಗಿನ ಉದ್ದನೂಲಿನ ಹಾಸು ಬ್ಯಾರೆ ಮಾಡ್ತೀವ್ರಿ, ಒಡಲಿನ ಹಾಸು ಬ್ಯಾರೆ ಮಾಡ್ತೀವಿ. ಆಮ್ಯಾಲ ಕುಂತು ಎಳಿಗೆ ಎಳಿ ಕೊಂಡಿ ಹಾಕಿ ಕೂಡಿಸ್ತೀವಿ. ಕೊಂಡಿ ಹಾಕದಿದ್ರ ಅದು ಸೀರಿ ಆಗೂದಿಲ್ರಿ. ನಿಮ್ಮ ರಾಜ್ಯದಾಗ ಸೆರಗೂ ಚಲೋ ಐತಿ, ಒಡಲೂ ಚಲೋ ಐತಿ. ಕೊಂಡಿ ಹಾಕೋರು ಇಲ್ಲ."

ಅರಸ ಅಡಿಗಲ್ಲನ್ನು ಅಲ್ಲಿಯೇ ಬಿಟ್ಟ. ಪ್ರತಿ ಊರಿಗೂ ಒಬ್ಬರನ್ನು ನೇಮಿಸಿದ. ಮೊದಲ ಬಾಗಿಲಿನಿಂದ ಕೊನೆಯ ಬಾಗಿಲಿನವರೆಗೆ ರೋಗಿಯ ಜೊತೆ ನಡೆಯುವುದೇ ಅವರ ಕೆಲಸ. ಒಬ್ಬ ವೈದ್ಯ ಓಲೆ ಬರೆಯಲೇಬೇಕು, ಇನ್ನೊಬ್ಬ ಅದನ್ನು ಒಪ್ಪಲೇಬೇಕು. ಗಡ್ಡೆ ಕೈಗೆ ಸಿಕ್ಕ ದಿನದಿಂದಲೇ ಎಣಿಕೆ. ವೈದ್ಯರು ಗೊಣಗಿದರು. ತೊಂಬತ್ತು ದಿನ ಇಪ್ಪತ್ತಕ್ಕೆ ಇಳಿದ ಮೇಲೆ ಸುಮ್ಮನಾದರು. ನದಿಯಾಚೆಯ ಅರಸನೂ ಈ ಪದ್ಧತಿಯನ್ನು ಕೇಳಿ ಪಡೆದ. ಈಚೆಯ ಓಲೆ ಆಚೆಯೂ ನಡೆಯಿತು.

ಆ ಹೆಂಗಸಿನ ಗಡ್ಡೆಯನ್ನು ಅವಳು ಅರಸನ ಮುಂದೆ ನಿಂತ ವಾರವೇ ತೆಗೆದಿದ್ದರು. ಇನ್ನೊಂದು ತಿಂಗಳು ಹೋಗಿದ್ದರೆ ತನ್ನ ಕೈಯಲ್ಲೂ ಆಗುತ್ತಿರಲಿಲ್ಲ ಎಂದು ಪಡುವಣದ ವೈದ್ಯನೇ ಒಪ್ಪಿಕೊಂಡ. ಅವಳು ಬದುಕಿದಳು. ಅವಳ ಊರಿನಲ್ಲಿ ರೋಗಿಗಳ ಜೊತೆ ನಡೆಯುವ ಕೆಲಸವನ್ನು ಅವಳೇ ಕೇಳಿ ಪಡೆದಳು.

ಕತೆ ಮುಗಿಯಿತು. ಶಿಷ್ಯನ ಮುಖ ಅರಳಿತ್ತು. ನಾಳೆಯೇ ಊರಿಗೊಬ್ಬರನ್ನು ನೇಮಿಸಲು ಆದೇಶ ಹೊರಡಿಸುತ್ತೇನೆ ಎಂದು ಎದ್ದು ನಿಂತ.

ಗುರುಗಳು ಕೇಳಿದರು: "ನೀನು ಚೀಟಿ ಕೊಟ್ಟು ಕಳಿಸಿದ ಆ ಹೆಂಗಸು ಈಗ ಯಾವ ಬಾಗಿಲಲ್ಲಿದ್ದಾಳೆ?"