ಮುಳುಗಿದ ರಾಜಧಾನಿ

ಒಂದೂರಲ್ಲಿ ಒಬ್ಬ ಪೆದ್ದ ಇದ್ದ. ಯಾವ ಪೆದ್ದ ಅಂತ ತಲೆ ಕೆಡಿಸಿಕೊಳ್ಳಬೇಡಿ, ನಿಮ್ಮೆದುರು ಕೂತು ಕತೆ ಹೇಳುತ್ತಿದ್ದಾನಲ್ಲ, ಇವನೇ. ಹೆಸರು ರಾಚ. ನಮ್ಮಮ್ಮ ಹೊನ್ನಾಜಮ್ಮನಿಗೆ ಇದ್ದದ್ದು ಎರಡೇ ಆಸ್ತಿ. ಒಂದು ನಾನು. ಇನ್ನೊಂದು ನಮ್ಮ ಮುತ್ತಾತ ಬಟ್ಟೆಯ ಮೇಲೆ ಬರೆದಿದ್ದ ಹಳೇ ರಾಜಧಾನಿಯ ನಕ್ಷೆ. ಸುತ್ತ ನೀಲಿ ಹೊಳೆ, ನಡುವೆ ಕೋಟೆ, ಅಂಚಿಗೆಲ್ಲ ಚಿನ್ನದ ಬಳ್ಳಿ, ಮೂಲೆಯ ಆನೆಲಾಯದಲ್ಲಿ ಅರಮನೆಗಿಂತ ದೊಡ್ಡ ಆನೆ. ಎರಡರಲ್ಲಿ ನಕ್ಷೆಯೇ ವಾಸಿ ಅಂತ ಅಮ್ಮ ಬಂದವರ ಮುಂದೆಲ್ಲ ಹೇಳುತ್ತಿದ್ದಳು.

ನನಗೆ ಹೆಣ್ಣು ಸಿಗುತ್ತಿರಲಿಲ್ಲ. ಮೂರು ಮನೆಯವರು ನನ್ನ ಜೊತೆ ಎರಡು ಮಾತಾಡಿ ಎದ್ದು ಹೋಗಿದ್ದರು. ಉಳಿದದ್ದು ಆ ರಾಜಧಾನಿಯಲ್ಲೇ ಇದ್ದ ನಂಜರಾಜಯ್ಯನವರ ಮಗಳು ಚೆನ್ನಾಜಿ ಒಬ್ಬಳೇ. ಅವಳಪ್ಪನಿಗೆ ಹಳೇ ಚಿತ್ರ ಅಂದರೆ ಪ್ರಾಣವಂತೆ. ನಕ್ಷೆ ಕೊಟ್ಟಾದರೂ ಹೆಣ್ಣು ತರೋಣ ಅಂತ ಅಮ್ಮ ಗಟ್ಟಿಮನಸ್ಸು ಮಾಡಿದಳು. ಇದೂ ತಪ್ಪಿದರೆ ನಾನು ಬ್ರಹ್ಮಚಾರಿಯೇ.

ನಕ್ಷೆ ಜೋಪಾನಕ್ಕೆ ಅಂತ ಸೋದರಮಾವನ ಮನೆಯಲ್ಲಿತ್ತು. ಹೋದೆ, ಎಂಟು ಮಡಿಕೆ ಮಡಚಿ ರುಮಾಲಿನೊಳಗೆ ಇಟ್ಟುಕೊಂಡು ಬಂದೆ. ಅಮ್ಮ ಹಣೆ ಚಚ್ಚಿಕೊಂಡಳು. ಸುರುಳಿ ಸುತ್ತಿ, ದಾರ ಕಟ್ಟಿ, ಹೆಗಲ ಮೇಲೆ ಇಟ್ಟುಕೊಂಡು ತರಬೇಕು ಅಂದಳು. ಸರಿ ಅಂದೆ. ನಾನು ಯಾವಾಗಲೂ ಸರಿ ಅಂತಲೇ ಅನ್ನೋದು.

ಮಾರನೇ ದಿನ ತಾಂಬೂಲಕ್ಕೆ ಒಂದು ಕಟ್ಟು ವೀಳ್ಯದೆಲೆ ತಾ ಅಂದಳು. ಒಂದೊಂದು ಎಲೆಯನ್ನೂ ಸುರುಳಿ ಸುತ್ತಿ, ಒಂದೊಂದಕ್ಕೂ ದಾರ ಕಟ್ಟಿ, ಹೆಗಲ ಮೇಲೆ ಇಟ್ಟುಕೊಂಡು ಉರಿಬಿಸಿಲಲ್ಲಿ ಬಂದೆ. ಎಲೆಯೆಲ್ಲ ಬಾಡಿ ಕರಟಿತ್ತು. ಒದ್ದೆ ಬಟ್ಟೆ ಸುತ್ತಿ, ದಾರಿಯುದ್ದಕ್ಕೂ ನೀರು ಚಿಮುಕಿಸುತ್ತ ತರಬೇಕು ಅಂದಳು. ಸರಿ ಅಂದೆ.

ಮೂರನೇ ದಿನ ನಕ್ಷೆ ಹಿಡಿದು ಹೆಣ್ಣಿನ ಊರಿಗೆ ಹೊರಟೆ. ಒದ್ದೆ ಬಟ್ಟೆ ಸುತ್ತಿದೆ, ನೀರು ಚಿಮುಕಿಸಿದೆ. ಬೀದಿ ತುದಿ ಮುಟ್ಟೋದರೊಳಗೆ ಅಮ್ಮ ಓಡಿ ಬಂದು ಬಿಚ್ಚಿ ನೋಡಿದಳು. ನೀಲಿ ಹೊಳೆ ಉಕ್ಕಿ ಕೋಟೆಯೊಳಕ್ಕೆ ನುಗ್ಗಿತ್ತು. ಅರಮನೆ ಹೋಯಿತು. ಬೀದಿಗಳೂ ಆನೆಯೂ ಮಾತ್ರ ಉಳಿದಿದ್ದವು.

"ಯಾವ ರಾಜನ ಕೈಲೂ ಆಗದ್ದನ್ನ ಒಂದು ಚೊಂಬು ನೀರಲ್ಲಿ ಮಾಡಿದ್ಯಲ್ಲೋ," ಅಂತ ಅಲ್ಲೇ ಕೂತು ಅತ್ತಳು. ನನಗೂ ಅಳು ಬಂತು. ಆಮೇಲೆ ನಕ್ಷೆ ಒಣಗಿಸಿ, ಆನೆಲಾಯದ ಪಕ್ಕ ಕುಂಕುಮದ ಬೊಟ್ಟಿಟ್ಟು, ಇದೇ ಅವರ ಮನೆ ಅಂತ ತೋರಿಸಿದಳು. "ಇನ್ನು ನಿನ್ನ ಬುದ್ಧಿ ಓಡಿಸಬೇಡ. ನಕ್ಷೇಲಿ ಹೆಂಗಿದೆಯೋ ಹಂಗೇ ಹೋಗು." ಸರಿ ಅಂದೆ.

ರಾಜಧಾನಿ ತಲುಪಿದೆ. ನಕ್ಷೆಯಲ್ಲಿ ರಾಜಬೀದಿ ನೆಟ್ಟಗಿತ್ತು. ಅದರ ಮೇಲೆ ಯಾರೋ ಮನೆ ಕಟ್ಟಿಕೊಂಡಿದ್ದರು. ಮುಂಬಾಗಿಲಲ್ಲಿ ಹೊಕ್ಕೆ, ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ಹೆಂಗಸನ್ನು ದಾಟಿ ಹಿತ್ತಿಲಲ್ಲಿ ಹೊರಟೆ. ಆಕೆ ಸೌಟು ಎಸೆದಳು. ಮುಂದೆ ಕಂದಕ. ನೀರು ಬತ್ತಿ ನೂರು ವರ್ಷವಾಗಿತ್ತೇನೋ, ಎಮ್ಮೆ ಮೇಯುತ್ತಿದ್ದವು. ನಕ್ಷೆಯಲ್ಲಿ ನೀರಿತ್ತಲ್ಲ, ಪಂಚೆ ಎತ್ತಿ ಕಟ್ಟಿಕೊಂಡು ಎಚ್ಚರವಾಗಿ ದಾಟಿದೆ.

ನಕ್ಷೆಯಲ್ಲಿ ಮುಂದೆ ಆನೆಯಿತ್ತು. ಬರಿಗೈಯಲ್ಲಿ ಹೋಗೋದು ಹೇಗೆ ಅಂತ ಎರಡು ಜಲ್ಲೆ ಕಬ್ಬು ತಗೊಂಡೆ. ಬೊಟ್ಟಿಟ್ಟ ಜಾಗದಲ್ಲಿ ಆನೆ ಕಾಣಲಿಲ್ಲ, ಭಾರಿ ಆಳೊಬ್ಬರು ಜಗಲಿ ತುಂಬ ಕೂತಿದ್ದರು. ಬುದ್ಧಿ ಓಡಿಸಬೇಡ ಅಂದಿದ್ದಳಲ್ಲ, ಕೈಮುಗಿದು ಕಬ್ಬನ್ನು ಅವರ ಬಾಯಿಗೇ ಹಿಡಿದೆ. ಅವರೇ ನಂಜರಾಜಯ್ಯ.

ಅವರು ನಕ್ಷೆ ಬಿಚ್ಚಿ, ಊರು ಎಲ್ಲಯ್ಯಾ ಅಂದರು. ಮುಳುಗಿದೆ ಅಂದೆ. ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ದೊಣ್ಣೆ ಹುಡುಕುವಷ್ಟರಲ್ಲಿ ಬಾಗಿಲ ಹಿಂದಿನಿಂದ ನಗು ಕೇಳಿಸಿತು. ಚೆನ್ನಾಜಿ.

"ಅಪ್ಪಾ, ನಾನು ಮದುವೆ ಆದ್ರೆ ಇವರನ್ನೇ ಆಗೋದು. ಹೇಳಿದ ಮಾತನ್ನ ಇಷ್ಟು ಕೇಳೋ ಗಂಡು ಇನ್ನೆಲ್ಲಿ ಸಿಗುತ್ತೆ?"

ಅಪ್ಪ ದೊಣ್ಣೆ ಹುಡುಕೋದು ಬಿಟ್ಟರು. ಆಮೇಲೆ, ಬಂದ ದಾರಿಯಲ್ಲೇ ಹೋಗು, ನಿಮ್ಮಮ್ಮನನ್ನು ಹುಷಾರಾಗಿ ಕರೆದುಕೊಂಡು ಬಾ ಅಂದರು. ನನ್ನ ಜನ್ಮದಲ್ಲಿ ಅಷ್ಟು ಸಂತೋಷ ಪಟ್ಟದ್ದಿಲ್ಲ. ಸರಿ ಅಂದೆ.

ಅಮ್ಮನನ್ನು ಬಂದ ದಾರಿಯಲ್ಲೇ ಕರೆತಂದೆ. ರೊಟ್ಟಿಯ ಹೆಂಗಸು ಈ ಸಲ ಸೌಟು ಎಸೆಯಲಿಲ್ಲ, ತಾನೇ ಸರಿದು ದಾರಿ ಬಿಟ್ಟಳು. ಒಣ ಕಂದಕವನ್ನು ಅಮ್ಮನನ್ನು ಹೆಗಲ ಮೇಲೆ ಹೊತ್ತು ದಾಟಿದೆ. ಬಿಸಿಲು ಜೋರಾಗಿತ್ತು, ಅಮ್ಮನ ಮುಖ ಬಾಡುತ್ತಿತ್ತು. ಬಾಡಿದರೆ ಏನು ಮಾಡಬೇಕು ಅಂತ ಅವಳೇ ಹೇಳಿಕೊಟ್ಟಿದ್ದಳಲ್ಲ.

ಸೆರಗಿನಿಂದ ನೀರು ತೊಟ್ಟಿಕ್ಕಿಸಿಕೊಂಡು ಅಮ್ಮ ಜಗಲಿ ಹತ್ತಿದಾಗ ನಂಜರಾಜಯ್ಯ ಗಾಬರಿಯಿಂದ ಎದ್ದು, ದಾರಿಯಲ್ಲಿ ಮಳೆ ಸಿಕ್ಕಿತೇ ತಾಯಿ ಅಂತ ಕೇಳಿದರು.

"ಮಳೆಯಲ್ಲ ಬೀಗರೇ," ಅಂದಳು ಅಮ್ಮ, "ನನ್ನ ಮಗ."