ಮುಚ್ಚಿದ ಕೋಣೆಯ ಬಳ್ಳಿ

“ಗುರುಗಳೇ, ಬೇಕಾದದ್ದೆಲ್ಲ ತನ್ನಲ್ಲೇ ಇರುವಾಗ ಇನ್ನೊಬ್ಬರ ಒಡನಾಟ ಯಾಕೆ ಬೇಕು?” ಎಂದು ಶಿಷ್ಯ ಬಸವಂತ ಕೇಳಿದ. ಆಶ್ರಮದ ಪಂಕ್ತಿ ಬಿಟ್ಟು ಬೇರೆ ಗುಡಿಸಲಿನಲ್ಲಿ ಒಬ್ಬನೇ ಇರಲು ಅವನು ಅಪ್ಪಣೆ ಬೇಡಿದ್ದ. ಗುರುಗಳು ಆಗಲಿ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ಗಡಿಯಾರ ರಿಪೇರಿಯವನಿದ್ದ. ಎರಡನೇ ಮಹಡಿಯ ಬಾಡಿಗೆ ಕೋಣೆಯಲ್ಲಿ ಅವನೊಬ್ಬನೇ ವಾಸ. ಗಡಿಯಾರದ ಕೆಲಸಕ್ಕೆ ದೂಳು ಆಗದು. ಆದ್ದರಿಂದ ಕಿಟಕಿಗಳನ್ನು ಮುಚ್ಚಿಯೇ ಇಡುತ್ತಿದ್ದ. ಗಿರಾಕಿಗಳು ಗಡಿಯಾರ ಕೊಟ್ಟು ಹೋಗುತ್ತಿದ್ದರು, ಮತ್ತೆ ಬಂದು ಒಯ್ಯುತ್ತಿದ್ದರು. ಕೆಲಸದ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ.

ಒಮ್ಮೆ ಅವನು ಸಂತೆಯಿಂದ ಒಂದು ಪ್ಯಾಶನ್ ಫ್ರೂಟ್ ತಂದು ತಿಂದ. ಹಳದಿ ಸಿಪ್ಪೆಯ ಹುಳಿ ಹಣ್ಣು. ಶರಬತ್ತಿನ ಹಣ್ಣು ಎಂದೂ ಕರೆಯುತ್ತಾರೆ. ಬೀಜ ಎಸೆಯಲು ಮನಸ್ಸಾಗದೆ ಒಂದನ್ನು ಮೊಳೆಸಿದ. ಕೋಣೆಗೆ ಮಣ್ಣು ತರುವಂತಿರಲಿಲ್ಲ. ಮಣ್ಣಿಲ್ಲದೆ ನೀರಿನಲ್ಲೇ ಗಿಡ ಬೆಳೆಸುವ ಕ್ರಮವನ್ನು ಓದಿ ತಿಳಿದುಕೊಂಡ. ದೊಡ್ಡ ಡಬ್ಬದಲ್ಲಿ ಗೊಬ್ಬರದ ಲವಣ ಕರಗಿಸಿದ ನೀರು, ಅದರೊಳಗೆ ಬೇರು. ನೀರಿಗೆ ಗಾಳಿ ಊದುವ ಸಣ್ಣ ಪಂಪು. ಬಿಸಿಲಿನ ಬದಲು ಮೇಲೊಂದು ದೀಪ. ದೀಪ ತಾನೇ ಹತ್ತಿ ತಾನೇ ಆರುವಂತೆ ಹಳೆಯ ಗಡಿಯಾರವೊಂದನ್ನು ಅದಕ್ಕೆ ಜೋಡಿಸಿದ. ಗೋಡೆಯಿಂದ ಗೋಡೆಗೆ ಕಟ್ಟಿದ ದಾರದ ಮೇಲೆ ಬಳ್ಳಿ ಹಬ್ಬಿತು. ಎಲೆಗೆ ಹುಳು ಬೀಳಲಿಲ್ಲ, ದೂಳು ಕೂರಲಿಲ್ಲ. ಇದಕ್ಕೆ ಹೊರಗಿನದು ಏನೂ ಬೇಕಾಗಿಲ್ಲ ಎಂದು ಅವನಿಗೆ ಸಮಾಧಾನವಾಯಿತು.

ಒಂದೂವರೆ ವರ್ಷಕ್ಕೆ ಹೂ ಬಿಟ್ಟಿತು. ಮಧ್ಯಾಹ್ನ ಅರಳುವುದು, ಸಂಜೆಗೆ ಮುಚ್ಚಿಕೊಳ್ಳುವುದು, ಆಮೇಲೆ ಉದುರುವುದು. ಒಂದೂ ಕಾಯಿ ಕಟ್ಟಲಿಲ್ಲ. ಮುಚ್ಚಿದ ಕೋಣೆಗೆ ದುಂಬಿ ಬರಲಾರದೆಂದು ಅವನೇ ಸಣ್ಣ ಕುಂಚ ಹಿಡಿದು ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಸವರಿದ. ಆಗಲೂ ಉದುರಿದವು. ಉದುರಿದ ಹೂಗಳನ್ನು ಗುಡಿಸಿ ಹಾಕಲು ಅವನ ಕೈ ಬರುತ್ತಿರಲಿಲ್ಲ.

ಕೊನೆಗೆ ಸಸಿ ಮಾರುವವನೊಬ್ಬನನ್ನು ಹೋಗಿ ಕೇಳಿದ. ಈ ಹಳದಿ ಜಾತಿ ತನ್ನ ಪರಾಗವನ್ನು ತಾನು ಒಪ್ಪುವುದಿಲ್ಲ, ಬೇರೆ ಬಳ್ಳಿಯದೇ ಆಗಬೇಕು ಎಂದು ಆತ ತಿಳಿಸಿ, ಊರಿನ ಆಚೆ ತುದಿಯ ಒಂದು ಮನೆಯ ಗುರುತು ಹೇಳಿದ.

ಆ ಮನೆಯಲ್ಲಿ ಹೊಲಿಗೆ ಮಾಡಿಕೊಂಡು ಒಬ್ಬಳೇ ಇರುವ ಹೆಂಗಸಿದ್ದಳು. ಆಕೆಯ ಬಳ್ಳಿ ಅಂಗಳದ ಬೇಲಿಯ ಮೇಲಿತ್ತು. ಅದೂ ಮೂರು ವರ್ಷದಿಂದ ಬರೀ ಹೂ ಬಿಡುತ್ತಿತ್ತು. ಮಣ್ಣೇ ಸರಿಯಿಲ್ಲವೆಂದು ಆಕೆ ಅಂದುಕೊಂಡಿದ್ದಳು. ಇವನು ವಿಷಯ ತಿಳಿಸಿದ. ಅಂದಿನಿಂದ ಹೂ ಮುಗಿಯುವವರೆಗೆ ಹನ್ನೊಂದು ದಿನ, ಮಧ್ಯಾಹ್ನ ತನ್ನ ಹೂವಿನ ಪರಾಗವನ್ನು ಡಬ್ಬಿಯಲ್ಲಿ ತಂದು ಆಕೆಯ ಹೂಗಳಿಗೆ ಸವರುವನು, ಅಲ್ಲಿಯದನ್ನು ತುಂಬಿಕೊಂಡು ಹೊರಡುವನು. ಆಕೆ ದಿನವೂ ಜಗಲಿಯ ಮೇಲೆ ಚಾಪೆ ಹಾಸಿರುತ್ತಿದ್ದಳು. ಅವನು ನೋಡಿಯೂ ನೋಡದಂತೆ ಹೋಗುತ್ತಿದ್ದ. ಕೊನೆಯ ದಿನ ಆಕೆ ಬಾಯಿಬಿಟ್ಟು ಹೇಳಿದಳು: “ಒಂದು ಗಳಿಗೆ ಕೂತು ಹೋಗಿ. ಚಹಾಕ್ಕೆ ಇಟ್ಟಿದ್ದೇನೆ.”

“ಅಲ್ಲಿ ಕೋಣೆಯಲ್ಲಿ ಹೂ ಮುಚ್ಚಿಬಿಡುತ್ತದೆ,” ಎಂದು ಅವನು ಹೊರಟ.

ಆ ಸಲ ಕಾಯಿ ಕಟ್ಟಿದವು. ಎರಡು ತಿಂಗಳ ಮೇಲೆ ಮೊದಲ ಹಣ್ಣು ತಾನಾಗಿ ಕಳಚಿ ಬಿತ್ತು. ಅದನ್ನು ಎರಡು ಹೋಳು ಮಾಡಿ ಒಂದು ಹೋಳು ತಿಂದ. ರುಚಿಯಾಗಿತ್ತು. ರುಚಿಯಾಗಿದೆ ಎಂದು ಹೇಳಲು ಕೋಣೆಯಲ್ಲಿ ಯಾರೂ ಇರಲಿಲ್ಲ. ಅದು ಅವನಿಗೆ ಅಂದೇ ತಿಳಿದದ್ದು. ಇನ್ನೊಂದು ಹೋಳು ತಟ್ಟೆಯಲ್ಲೇ ಉಳಿಯಿತು. ನಾಲ್ಕು ದಿನ ಬಿದ್ದ ಹಣ್ಣುಗಳನ್ನು ಕೂಡಿಸಿ ಚೀಲಕ್ಕೆ ಹಾಕಿಕೊಂಡು ಆ ಮನೆಗೆ ಹೋದ.

ಬಾಗಿಲಿಗೆ ಬೀಗ. ಬೇಲಿಯ ತುಂಬ ಹಣ್ಣು. ಆಕೆ ವಾರದ ಹಿಂದೆ ಮನೆ ಖಾಲಿ ಮಾಡಿದಳು, ಎಲ್ಲಿಗೆ ಹೋದಳೋ ತಿಳಿಯದು ಎಂದು ಪಕ್ಕದ ಮನೆಯವರು ಹೇಳಿದರು. ಹೊರಡುವ ಮೊದಲು, ಹೂವಿನ ಡಬ್ಬಿ ತರುತ್ತಿದ್ದವರು ಎಲ್ಲಿರುತ್ತಾರೆ ಎಂದು ಆಕೆ ಬೀದಿಯಲ್ಲೆಲ್ಲ ವಿಚಾರಿಸಿದ್ದಳಂತೆ. ಅವರಿಗೆ ಒಂದು ಮಾತು ಹೇಳುವುದಿತ್ತು ಎಂದಳಂತೆ. ಯಾರಿಗೂ ಗೊತ್ತಿರಲಿಲ್ಲ.

ಅವನು ಆ ಬರಿ ಜಗಲಿಯ ಮೇಲೆ ಸಂಜೆಯವರೆಗೂ ಇದ್ದ. ಆಮೇಲೆ ಸುತ್ತಲ ಊರುಗಳಲ್ಲಿ ಹುಡುಕಿದ. ಸಿಗಲಿಲ್ಲ. ವರ್ಷ ಕಳೆಯುವುದರೊಳಗೆ ಕೋಣೆ ಬಿಟ್ಟು, ಹತ್ತು ಜನ ಕೂಡಿ ಉಣ್ಣುವ ಜಾಗವೊಂದನ್ನು ಸೇರಿಕೊಂಡ.

ಗುರುಗಳು ಕತೆ ನಿಲ್ಲಿಸಿದರು. ಬಸವಂತ, ಆಕೆ ಹೇಳಬೇಕೆಂದಿದ್ದ ಮಾತು ಯಾವುದು ಎಂದು ಕೇಳಿದ.

“ಗೊತ್ತಿಲ್ಲ, ಕೂತು ಹೋಗಿ ಎಂದಾಗ ನಾನು ಕೂರಲಿಲ್ಲ,” ಎಂದರು ಗುರುಗಳು.