ಸೋರೆಬುರುಡೆಯ ಅವರೆ

“ಮಗಳನ್ನ ನಾಟಕ ಓದೋಕೆ ಕಳಿಸ್ತೀಯೋ ಇಲ್ಲವೋ?”

ನನ್ನ ಹೆಂಡತಿ ಚೌಡಮ್ಮ ಕೊನೆಯದಾಗಿ ಕೇಳಿದ್ದು ಇದು. ನಾಳೆ ಹೇಳ್ತೀನಿ, ಮಲಗು ಎಂದೆ. ಮಲಗಿದಳು. ಮತ್ತೆ ಏಳಲಿಲ್ಲ.

ಏಳು ತಿಂಗಳಾಯಿತು. ನಾನು ಇನ್ನೂ ಹೇಳಿರಲಿಲ್ಲ. ಮಗಳು ಹೇಮಳಿಗೆ ವಿಶ್ವವಿದ್ಯಾಲಯದವರು ಸೋಮವಾರ ಬಾ ಎಂದಿದ್ದರು. ಶನಿವಾರ ಆ ಪ್ರಶ್ನೆ ಹೊತ್ತುಕೊಂಡು ಗುರುಗಳ ಹತ್ತಿರ ಹೋದೆ. ನನ್ನ ಕೈಗೆ ಮೊದಲು ತೊಗಲುಗೊಂಬೆ ಕೊಟ್ಟವರು ಅವರೇ.

“ನಮ್ಮದು ಗೊಂಬೆ ಆಡಿಸೋ ಮನೆ ಗುರುಗಳೇ. ಆಟ ಮನೆಯಲ್ಲೇ ಇದೆ. ಅಲ್ಲಿಗೆ ಹೋಗಿ ಕಲಿಯೋದೇನು?” ಎಂದೆ.

“ಹುಡುಗಿ ಏನಂತಾಳೆ?”

“ಪರದೆ ಹಿಂದೆ ಕೂತು ಕೂತು ನನ್ನ ಮುಖ ನನಗೇ ಮರೆತುಹೋಗಿದೆ, ಒಂದು ಸಲ ಮುಂದೆ ನಿಲ್ಲಬೇಕಪ್ಪ ಅಂತಾಳೆ.”

ಗುರುಗಳು ನಕ್ಕರು. “ನಿನ್ನ ಮುಖ ಮರೆತರೆ ಊರಿಗೇ ಒಳ್ಳೇದು. ಅವಳದು ಹಾಗಲ್ಲ.” ಆಮೇಲೆ ಕೇಳಿದರು, “ಈಗ ಸೀತೆಯ ಮಾತು ಯಾರು ಆಡ್ತಾರೆ?”

ನಮ್ಮ ಆಟದಲ್ಲಿ ಗೊಂಬೆ ಕುಣಿಸುವುದು ಗಂಡಸರು. ಹೆಣ್ಣುಗೊಂಬೆಗಳ ಮಾತು ಮನೆಯ ಹೆಂಗಸರದು. ಇಪ್ಪತ್ತಾರು ವರ್ಷ ಚೌಡಮ್ಮ ಆಡಿದಳು.

“ಹೇಮನೇ ಆಡೋದು. ಕಣ್ಣು ಮುಚ್ಚಿದರೆ ಅವಳ ತಾಯಿಯೇ, ಗುರುಗಳೇ.”

“ಕಣ್ಣು ಮುಚ್ಚಿಕೊಂಡು ಗೊಂಬೆ ಕುಣಿಸ್ತೀಯಾ?”

“ಸೀತೆ ಬಂದಾಗ ಮುಚ್ತೀನಿ.”

ಅದಕ್ಕೆ ಗುರುಗಳು ಒಂದು ಕಥೆ ಹೇಳಿದರು.

ಒಬ್ಬ ರೈತ ಇದ್ದ. ಅವನ ಹೆಂಡತಿ ವರ್ಷ ವರ್ಷವೂ ಅವರೆಯಲ್ಲಿ ಒಳ್ಳೆಯದನ್ನು ಆರಿಸಿ ಬೀಜಕ್ಕೆ ತೆಗೆದಿಡುವಳು. ಒಣಗಿದ ಸೋರೆಬುರುಡೆಗೆ ತುಂಬಿ, ಬಾಯಿ ಕಟ್ಟಿ, ಒಲೆಯ ಮೇಲೆ ತೂಗುಹಾಕುವಳು. ಒಂದು ವರ್ಷ ಹಾಗೆ ತೂಗುಹಾಕಿದಳು. ಬಿತ್ತನೆಗೆ ಮೊದಲೇ ತೀರಿಕೊಂಡಳು.

ಒಂದು ಸಂಜೆ ರೈತನ ಕೈ ತಗುಲಿ ಬುರುಡೆ ಅಲ್ಲಾಡಿತು. ಗಲಗಲ ಎಂದಿತು. ಒಣಗಿದ ಅವರೆ ಹೊಲದಲ್ಲಿ ಅವಳು ಗಿಡ ಸರಿಸಿಕೊಂಡು ನಡೆದು ಬಂದಂತೆ ಆಯಿತು. ಅವನು ಬುರುಡೆಯನ್ನು ಇಳಿಸಿ ದಿಂಬಿನ ಹತ್ತಿರ ಇಟ್ಟುಕೊಂಡ. ದಿನವೂ ಮಲಗುವ ಮುಂಚೆ ಅಲ್ಲಾಡಿಸುವನು. ಕಣ್ಣು ಹತ್ತುವ ಹೊತ್ತಿಗೆ ಅವಳು ಬರುವಳು. ಏನೂ ಮಾತಾಡಳು. ಹೊಲದ ತುಂಬ ನಡೆಯುವಳು.

ಮಳೆ ಬಿತ್ತು. ಪಕ್ಕದ ಹೊಲದವನು ಬಂದ.

“ಹದ ಆಗಿದೆ, ಬಿತ್ತೋದಿಲ್ಲವಾ?”

“ಅವಳು ಕಟ್ಟಿದ ಗಂಟು. ನಾನು ಬಿಚ್ಚಲಾರೆ.”

ಹೀಗೆ ಮೂರು ಮಳೆಗಾಲ ಹೋಯಿತು. ಬೀಜ ಕೆಡದಂತೆ ಕಾಯುವುದು ಒಲೆಯ ಹೊಗೆ. ದಿಂಬಿನ ಹತ್ತಿರ ಹೊಗೆ ಎಲ್ಲಿಂದ ಬರಬೇಕು?

ಒಂದು ದಿನ ಪಕ್ಕದವನು ಬಂದಾಗ ರೈತ ಜಗುಲಿಯಲ್ಲಿ ಕೂತು ಬುರುಡೆ ಅಲ್ಲಾಡಿಸುತ್ತಿದ್ದ. ಪಕ್ಕದವನು ನಿಂತು ಕೇಳಿಸಿಕೊಂಡ.

“ಖಾಲಿ ಬುರುಡೆ ಯಾಕಪ್ಪ ಅಲ್ಲಾಡಿಸ್ತೀಯಾ?”

“ನಿನಗೇನು ಕಿವುಡಾ? ಗಲಗಲ ಅಂತಿದೆಯಲ್ಲ!”

ಪಕ್ಕದವನು ಬುರುಡೆ ತೆಗೆದುಕೊಂಡು ಗಂಟು ಬಿಚ್ಚಿ ಬೋರಲು ಹಾಕಿದ. ಒಂದು ಹಿಡಿ ಹಿಟ್ಟು ಉದುರಿತು. ಎಲ್ಲವನ್ನೂ ಹುಳ ತಿಂದಿತ್ತು. ರೈತ ಆ ಬರಿದು ಬುರುಡೆಯನ್ನು ಎತ್ತಿ ಕಿವಿಯ ಹತ್ತಿರ ಹಿಡಿದ. ಮೆಲ್ಲಗೆ ಅಲ್ಲಾಡಿಸಿದ. ಗಲಗಲ ಎಂದಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ನಾನು ತಡೆಯಲಾರದೆ ಕೇಳಿದೆ, “ಬೀಜವೇ ಇಲ್ಲದ ಮೇಲೆ ಆ ಸದ್ದು ಹೇಗೆ ಬಂತು ಗುರುಗಳೇ?”

“ಬಿತ್ತಿದ್ದರೂ ಬರುತ್ತಿತ್ತು ಕಣಪ್ಪ.”

ಎದ್ದು ಅಡ್ಡಬಿದ್ದು ಬಂದೆ.

ಮರುದಿನ ಬೆಳಿಗ್ಗೆ ತಮ್ಮನ ಮನೆಗೆ ಹೋದೆ. ಅವನ ಹೆಂಡತಿ ರತ್ನಿ ಅಂಗಳ ಗುಡಿಸುತ್ತಿದ್ದಳು.

“ನಾಳೆ ಹೇಮ ಓದೋಕೆ ಹೋಗ್ತಾಳೆ. ಇವತ್ತಿಂದ ಸೀತೆಯ ಮಾತು ನೀನು ಕಲಿಬೇಕಮ್ಮ,” ಎಂದೆ.

“ಅಯ್ಯೋ ಭಾವ, ನನ್ನದು ಕಾಗೆ ದನಿ. ರಾವಣನೇ ಹೆದರಿ ಸೀತೆಯನ್ನ ವಾಪಸ್ಸು ಬಿಟ್ಟುಬರ್ತಾನೆ.”

“ಬಿಟ್ಟುಬರಲಿ. ಆಟ ಬೇಗ ಮುಗೀತದೆ.”

ಅವಳು ಪೊರಕೆ ಕೆಳಗಿಟ್ಟಳು. ಮೊದಲ ಮಾತು ಹೇಳಿಕೊಟ್ಟೆ. ಅವಳು ಹೇಳಿದಳು. ಕಾಗೆ ದನಿಯೇ. ಇನ್ನೊಂದು ಸಲ ಹೇಳು ಎಂದೆ. ಕಣ್ಣು ಬಿಟ್ಟುಕೊಂಡೇ ಕೇಳಿದೆ.